ನಾದದೆ ಮಾಡಿದ ಫ್ರೆಂಚ್ ಬ್ರೆಡ್: ರಾತ್ರಿ ಕಲಸಿದಲ್ಲಿಂದ ಬೆಳಿಗ್ಗೆ ಕೊಯ್ಯುವವರೆಗೆ

ಮನೆಯಲ್ಲಿ ಫ್ರೆಂಚ್ ಬ್ರೆಡ್ ಮಾಡಬೇಕು ಅನ್ನಿಸಿದಾಗ ಹಾಕಿಕೊಂಡ ಷರತ್ತು ಇಷ್ಟು: ಕಣಕವನ್ನು ಮೇಜಿಗೆ ಬಡಿಬಡಿದು ನಾದುವ ಕೆಲಸ ಇರಬಾರದು, ಹಿಟ್ಟು ಕಲಸುವ ಯಂತ್ರವೂ ಬೇಡ. ಆದರೆ ಬ್ರೆಡ್ಡು ಮಾತ್ರ ಪಕ್ಕಾ ಇರಬೇಕು. ಹೊರಪದರ ಒತ್ತಿದರೆ ಚರಚರ ಎನ್ನಬೇಕು, ಒಳಗೆ ಸಣ್ಣವೂ ದೊಡ್ಡವೂ ಕಲೆತ ತೂತುಗಳಿರಬೇಕು, ಬಾಯಿಗೆ ಹಾಕಿದರೆ ಗೋದಿಯ ರುಚಿ ತಿಳಿಯಬೇಕು. ಪ್ರತಿ ಸಲವೂ ಒಂದೇ ಒಂದು ಅಂಶ ಬದಲಿಸಿ ನೋಡುತ್ತ ಬಂದು, ಈಗ ಕೈಗೆ ಒಗ್ಗಿರುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಇಷ್ಟರಲ್ಲಿ ನನಗೆ ಖಚಿತವಾದ ಸಂಗತಿ ಒಂದಿದೆ. ತೋಳು ಮಾಡುವ ಕೆಲಸವನ್ನು ಹೊತ್ತು ಮಾಡಿಕೊಡುತ್ತದೆ. ಓವನ್ನಿನ ಶಾಖ ಮತ್ತು ಹಬೆ ಮಾಡುವ ಕೆಲಸವನ್ನು ಬೇರೆ ಯಾವುದೂ ಮಾಡಿಕೊಡುವುದಿಲ್ಲ. ಆದ್ದರಿಂದ ನಾದುವುದರಲ್ಲಿ ಉಳಿಸಿದ ಗಮನವನ್ನೆಲ್ಲ ಬೇಯಿಸುವ ಕಡೆ ತಿರುಗಿಸಿದ್ದೇನೆ.

ಅಳತೆ

ಹಿಟ್ಟು 500 ಗ್ರಾಂ, ನೀರು 350 ಗ್ರಾಂ, ಉಪ್ಪು 10 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 1 ಗ್ರಾಂ. ಒಂದು ಗ್ರಾಂ ಯೀಸ್ಟ್ ಎಂದರೆ ಕಾಲು ಟೀ ಚಮಚಕ್ಕಿಂತ ತುಸು ಹೆಚ್ಚು, ಅಷ್ಟೇ. ನೋಡಿದರೆ ಇಷ್ಟು ಸಾಕೇ ಎನ್ನಿಸುತ್ತದೆ. ಸಾಕು. ಯೀಸ್ಟ್ ಜೀವಿ, ಇಡೀ ರಾತ್ರಿ ಕೈಯಲ್ಲಿದ್ದರೆ ಅದು ತಾನಾಗಿ ಬೆಳೆಯುತ್ತದೆ.

ಬೇಕರಿಯವರು ಎಲ್ಲವನ್ನೂ ಹಿಟ್ಟಿನ ತೂಕಕ್ಕೆ ಶೇಕಡಾವಾರು ಲೆಕ್ಕ ಹಾಕುತ್ತಾರೆ. ಹಿಟ್ಟು ಯಾವಾಗಲೂ 100. ಆ ಲೆಕ್ಕದಲ್ಲಿ ನನ್ನದು ನೀರು 70, ಉಪ್ಪು 2, ಯೀಸ್ಟ್ 0.2. ಇದನ್ನು ಒಮ್ಮೆ ಮನಸ್ಸಿಗೆ ಹಾಕಿಕೊಂಡರೆ ಎಷ್ಟು ಹಿಟ್ಟಿಗೆ ಬೇಕಾದರೂ ಹೊಂದಿಸಬಹುದು, ಬೇರೆಯವರ ವಿಧಾನ ಓದುವಾಗಲೂ ಕಣಕ ಗಟ್ಟಿಯೋ ಸಡಿಲವೋ ಎಂದು ಕಲಸುವ ಮೊದಲೇ ಗೊತ್ತಾಗುತ್ತದೆ. ಕಪ್ಪಿನಲ್ಲಿ ಮಾತ್ರ ಅಳೆಯಬೇಡಿ. ಒಂದೇ ಕಪ್ಪಿನಲ್ಲಿ ಹಿಟ್ಟನ್ನು ಸಡಿಲವಾಗಿ ತುಂಬಿದರೆ 120 ಗ್ರಾಂ, ಒತ್ತಿ ತುಂಬಿದರೆ 150 ಗ್ರಾಂ ಬಂದೀತು. ಮೂರ್ನಾಲ್ಕು ಕಪ್ಪು ಹಾಕುವಷ್ಟರಲ್ಲಿ ಲೆಕ್ಕ ಪೂರ್ತಿ ತಪ್ಪಿರುತ್ತದೆ. ಗ್ರಾಂ ತೋರಿಸುವ ಸಾಧಾರಣ ತೂಕದ ಯಂತ್ರ ಒಂದಿದ್ದರೆ ಸಾಕು. ಬೋಗುಣಿಯನ್ನು ಅದರ ಮೇಲಿಟ್ಟು ನೀರನ್ನೂ ತೂಕ ಮಾಡಿಯೇ ಸುರಿಯುತ್ತೇನೆ, ತೊಳೆಯುವ ಪಾತ್ರೆಗಳೂ ಕಡಿಮೆಯಾಗುತ್ತವೆ.

ಹಾಲು, ಬೆಣ್ಣೆ, ಸಕ್ಕರೆ, ಎಣ್ಣೆ ಯಾವುದೂ ಇಲ್ಲ. ಫ್ರಾನ್ಸಿನಲ್ಲಿ 1993ರ ಸೆಪ್ಟೆಂಬರ್ 13ರಂದು ಹೊರಟ ಸರ್ಕಾರಿ ಆದೇಶ ‘ಸಂಪ್ರದಾಯದ ಫ್ರೆಂಚ್ ಬ್ರೆಡ್’ ಎಂಬ ಹೆಸರಿನಲ್ಲಿ ಮಾರುವ ಬ್ರೆಡ್ಡಿಗೆ ಇದನ್ನೇ ನಿಯಮ ಮಾಡಿದೆ: ಗೋದಿ ಹಿಟ್ಟು, ನೀರು, ಉಪ್ಪು, ಜೊತೆಗೆ ಯೀಸ್ಟ್ ಅಥವಾ ಹುಳಿಹಿಟ್ಟು. ರಾಸಾಯನಿಕಗಳನ್ನು ಸೇರಿಸುವಂತಿಲ್ಲ, ತಯಾರಿಯ ಯಾವ ಹಂತದಲ್ಲೂ ಫ್ರೀಜ್ ಮಾಡುವಂತಿಲ್ಲ. ಕಾಳಿನ ಹಿಟ್ಟು, ಸೋಯಾ ಹಿಟ್ಟು, ಮಾಲ್ಟ್ ಹಿಟ್ಟು ಇವುಗಳಿಗೆ ತೀರ ಸಣ್ಣ ಪ್ರಮಾಣದಲ್ಲಿ ಮಾತ್ರ ಅವಕಾಶ. ಈ ನಿಯಮದಿಂದ ಅಡುಗೆಮನೆಗೆ ಬರುವ ಪರಿಣಾಮ ಮುಖ್ಯವಾದದ್ದು. ಸಕ್ಕರೆ ಹಾಕದಿದ್ದ ಮೇಲೆ ಹೊರಪದರಕ್ಕೆ ಬಣ್ಣ ಬರಬೇಕಾದರೆ ಹಿಟ್ಟಿನೊಳಗಿನ ಪಿಷ್ಟವೇ ಒಡೆದು ಸಕ್ಕರೆಯಾಗಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಒಂದೇ ಗಂಟೆಯಲ್ಲಿ ಉಬ್ಬಿಸಿದ ಕಣಕಕ್ಕೆ ಸಕ್ಕರೆ ಸೇರಿಸಿ ಎಂದು ಹೇಳುವುದರ ಹಿಂದಿರುವ ಕಾರಣ ಇದೇ.

ಹಿಟ್ಟಿನ ಬಗ್ಗೆ ಒಂದು ಮಾತು. ಪೊಟ್ಟಣದ ಹಿಂದೆ ಪ್ರೋಟೀನ್ ಎಷ್ಟೆಂದು ಬರೆದಿರುತ್ತಾರೆ. 100 ಗ್ರಾಮಿಗೆ 10ರಿಂದ 12 ಗ್ರಾಂ ಇದ್ದರೆ ಈ ಕೆಲಸಕ್ಕೆ ಒಳ್ಳೆಯದು. ಅದಕ್ಕಿಂತ ಬಲವಾದ ಹಿಟ್ಟೇ ಬೇಕೆಂಬ ಹಟ ಬೇಡ. ಫ್ರಾನ್ಸಿನ ಬೇಕರಿಗಳು ಬಳಸುವ ಹಿಟ್ಟೂ ಅತಿ ಬಲದ್ದಲ್ಲ. ಸಾಮಾನ್ಯ ಮೈದಾದಲ್ಲಿ ಪ್ರೋಟೀನ್ 9ರ ಆಸುಪಾಸಿನಲ್ಲಿದ್ದರೆ ನೀರನ್ನು 325 ಗ್ರಾಮಿಗೆ ಇಳಿಸಿ. ಬ್ರೆಡ್ಡು ತುಸು ಒತ್ತಾಗಿ ಬರುತ್ತದೆ, ರುಚಿಗೆ ಕೊರತೆಯಿಲ್ಲ. ತವುಡಿನ ಸಮೇತ ಬೀಸಿದ ಗೋದಿ ಹಿಟ್ಟನ್ನು ಐದನೇ ಒಂದು ಪಾಲಿನವರೆಗೆ ಬೆರೆಸಬಹುದು, ಆಗ ಇನ್ನೊಂದು 15 ಗ್ರಾಂ ನೀರು ಬೇಕಾಗುತ್ತದೆ.

ಯೀಸ್ಟ್ ಪೊಟ್ಟಣ ಒಡೆದು ಬಹಳ ದಿನ ಆಗಿದ್ದರೆ ಮೊದಲು ಪರೀಕ್ಷಿಸಿ. ಬೆಚ್ಚಗಿನ ಅರ್ಧ ಲೋಟ ನೀರಿಗೆ ಚಿಟಿಕೆ ಸಕ್ಕರೆ, ಅರ್ಧ ಚಮಚ ಯೀಸ್ಟ್ ಹಾಕಿ ಹತ್ತು ನಿಮಿಷ ಬಿಟ್ಟರೆ ಮೇಲೆ ನೊರೆ ಕಟ್ಟಬೇಕು. ಕಟ್ಟದಿದ್ದರೆ ಆ ಪೊಟ್ಟಣವನ್ನು ಎಸೆಯುವುದೇ ಸರಿ.

ರಾತ್ರಿ ಒಂಬತ್ತು: ಕಲಸುವುದು

ಒಣ ಹಿಟ್ಟಿಗೆ ಯೀಸ್ಟ್ ಹಾಕಿ ಕೈಯಾಡಿಸಿ, ಆಮೇಲೆ ಉಪ್ಪು ಹಾಕಿ ಮತ್ತೊಮ್ಮೆ ಕೈಯಾಡಿಸಿ, ನೀರು ಸುರಿದೆ. ಮರದ ಸೌಟಿನ ಹಿಡಿಯಿಂದ ಸುತ್ತ ತಿರುಗಿಸಿದೆ. ಮೊದಲು ಒದ್ದೆ ಉಂಡೆಗಳು, ಅವುಗಳ ನಡುವೆ ಒಣ ಹಿಟ್ಟು. ಅರ್ಧ ನಿಮಿಷದಲ್ಲಿ ಎಲ್ಲ ಒಂದಾಗಿ ಒರಟೊರಟು ಮುದ್ದೆಯಾಯಿತು. ಬೋಗುಣಿಯ ತಳದಲ್ಲಿ, ಅಂಚಿನಲ್ಲಿ ಒಣ ಹಿಟ್ಟು ಉಳಿಯದಂತೆ ಕೈಯಿಂದ ಒತ್ತಿ ಒತ್ತಿ ಸೇರಿಸಿದೆ. ಒಟ್ಟು ಎರಡು ನಿಮಿಷದ ಕೆಲಸ. ಈ ಹಂತದಲ್ಲಿ ಕಣಕ ಅಂಟಂಟಾಗಿ, ಎಳೆದರೆ ಪಟ್ಟನೆ ಹರಿಯುವಂತೆ ಇರುತ್ತದೆ. ಅದನ್ನು ನೋಡಿ ಹಿಟ್ಟು ಸೇರಿಸಲು ಕೈ ಹೋಗುತ್ತದೆ. ಸೇರಿಸಬೇಡಿ. ಮುಚ್ಚಿಟ್ಟು ಅರ್ಧ ಗಂಟೆ ಬಿಟ್ಟುಬಿಡಿ.

ಅರ್ಧ ಗಂಟೆಯ ನಂತರ ಅದೇ ಬೋಗುಣಿಯಲ್ಲಿ ಬೇರೆಯೇ ಕಣಕ ಇರುತ್ತದೆ. ಒರಟು ಹೋಗಿ ಮೈ ನುಣುಪಾಗಿರುತ್ತದೆ. ಕೈ ಒದ್ದೆ ಮಾಡಿಕೊಂಡು ಒಂದು ಅಂಚನ್ನು ಹಿಡಿದು ಮೇಲಕ್ಕೆಳೆದರೆ ಗೇಣುದ್ದ ಬರುತ್ತದೆ, ಹರಿಯುವುದಿಲ್ಲ. ಹಾಗೆ ಎಳೆದು ಎದುರು ಬದಿಗೆ ಮಡಚಿ, ಬೋಗುಣಿಯನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ಎಳೆದು ಮಡಚಿದೆ. ನಾಲ್ಕೂ ಕಡೆ ಆಗುವಷ್ಟರಲ್ಲಿ ಕಣಕ ಬಿಗಿಯಾಗಿ ಉಂಡೆ ಕಟ್ಟಿತು. ಇನ್ನರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಇದೇ ನಾಲ್ಕು ಮಡಿಕೆ. ಇಡೀ ಬ್ರೆಡ್ಡಿಗೆ ಕೈಯಿಂದ ಮಾಡುವ ಬಲದ ಕೆಲಸ ಇಲ್ಲಿಗೆ ಮುಗಿಯಿತು.

ಏನಾಯಿತು ಎಂದರೆ, ಗೋದಿಯಲ್ಲಿರುವ ಗ್ಲುಟೆನಿನ್ ಮತ್ತು ಗ್ಲಯಾಡಿನ್ ಎಂಬ ಪ್ರೋಟೀನುಗಳು ನೀರು ಹೀರಿಕೊಂಡ ಕೂಡಲೇ ತಮ್ಮಷ್ಟಕ್ಕೆ ಒಂದಕ್ಕೊಂದು ಹೆಣೆದುಕೊಳ್ಳಲು ತೊಡಗುತ್ತವೆ. ಆ ಹೆಣಿಗೆಯೇ ಗ್ಲುಟೆನ್. ನಾದಿದರೆ ಈ ಕೆಲಸ ಹತ್ತು ನಿಮಿಷದಲ್ಲಿ ಆಗುತ್ತದೆ, ನಾದದಿದ್ದರೆ ಕೆಲವು ಗಂಟೆ ಬೇಕು. ಜೊತೆಗೆ ಯೀಸ್ಟ್ ಬಿಡುವ ಗಾಳಿಯ ಗುಳ್ಳೆಗಳು ಹಿಗ್ಗುತ್ತ ಹಿಗ್ಗುತ್ತ ಆ ಹೆಣಿಗೆಯನ್ನು ಒಳಗಿನಿಂದಲೇ ಎಳೆದು ಹದ ಮಾಡುತ್ತವೆ.

ಇದನ್ನು ಸೋಮಾರಿಗಳ ದಾರಿ ಎನ್ನುವವರಿಗೆ ನಾನು ರೇಮೊಂ ಕಾಲ್ವೆಲ್ ಅವರ ಕೆಲಸವನ್ನು ತೋರಿಸುತ್ತೇನೆ. ಪ್ಯಾರಿಸ್ಸಿನಲ್ಲಿ ಬ್ರೆಡ್ ತಯಾರಿಕೆ ಕಲಿಸುತ್ತಿದ್ದ ಪ್ರಾಧ್ಯಾಪಕರು ಅವರು. ಯಂತ್ರದಲ್ಲಿ ವೇಗವಾಗಿ ಬಹಳ ಹೊತ್ತು ನಾದುವ ಪದ್ಧತಿ ಫ್ರಾನ್ಸಿನಲ್ಲಿ ಹಬ್ಬಿದಾಗ ಬ್ರೆಡ್ಡು ಬೆಳ್ಳಗೆ, ದೊಡ್ಡದಾಗಿ ಬರತೊಡಗಿತು, ರುಚಿ ಮಾತ್ರ ಸಪ್ಪೆಯಾಯಿತು. ಅತಿಯಾಗಿ ನಾದಿದಾಗ ಕಣಕಕ್ಕೆ ಗಾಳಿಯ ಆಮ್ಲಜನಕ ಹೆಚ್ಚು ಬೆರೆತು, ಹಿಟ್ಟಿಗೆ ಕೆನೆ ಬಣ್ಣವನ್ನೂ ಪರಿಮಳವನ್ನೂ ಕೊಡುವ ಕ್ಯಾರೊಟಿನಾಯ್ಡುಗಳು ಹಾಳಾಗುತ್ತವೆ ಎಂದು ಕಾಲ್ವೆಲ್ ವಿವರಿಸಿದರು. ಹಿಟ್ಟು ಮತ್ತು ನೀರನ್ನಷ್ಟೇ ಕಲಸಿ ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಉಳಿದದ್ದನ್ನು ಸೇರಿಸುವ ‘ಆಟೊಲೀಸ್’ ಕ್ರಮವನ್ನು 1974ರಲ್ಲಿ ಮುಂದಿಟ್ಟವರೂ ಅವರೇ. ಕಡಿಮೆ ನಾದಿದರೆ ತೋಳಿಗೆ ಆರಾಮ, ನಾಲಿಗೆಗೂ ಲಾಭ.

ನಾದುವುದನ್ನೇ ಪೂರ್ತಿ ಬಿಟ್ಟ ವಿಧಾನ ಮನೆಮನೆಗೆ ತಲುಪಿದ್ದು 2006ರ ನವೆಂಬರಿನಲ್ಲಿ, ನ್ಯೂಯಾರ್ಕಿನ ಬೇಕರ್ ಜಿಮ್ ಲಾಹಿ ಅವರ ಕ್ರಮ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬಂದ ಮೇಲೆ. ಕಾಲು ಚಮಚ ಯೀಸ್ಟ್, ಹನ್ನೆರಡರಿಂದ ಹದಿನೆಂಟು ಗಂಟೆ ಬಿಡುವುದು, ಕಾದ ಪಾತ್ರೆಯಲ್ಲಿ ಮುಚ್ಚಳ ಹಾಕಿ ಬೇಯಿಸುವುದು. ನನ್ನ ಕ್ರಮದ ಬೆನ್ನೆಲುಬು ಅದೇ. ಎರಡು ಸಲ ಮಡಚುವುದನ್ನು ನಾನು ಸೇರಿಸಿದ್ದೇನೆ, ಏಕೆಂದರೆ ಪಾತ್ರೆಯ ಆಸರೆಯಿಲ್ಲದೆ ಉದ್ದನೆಯ ಬ್ರೆಡ್ಡು ಮಾಡುವಾಗ ಕಣಕಕ್ಕೆ ನಿಲ್ಲುವ ಶಕ್ತಿ ಬೇಕು.

ರಾತ್ರಿಯ ಪಾಲು

ಇಲ್ಲಿ ನಿಗಾ ಇಡಬೇಕಾದದ್ದು ಶಾಖದ ಮೇಲೆ. ಕಣಕ 24 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಈ ಅಳತೆಗೆ ಹತ್ತು ಗಂಟೆ ಸರಿಹೋಗುತ್ತದೆ. ಎಂಟು ಹತ್ತು ಡಿಗ್ರಿ ಏರಿದರೆ ಹುದುಗಿನ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಸೆಕೆಯ ರಾತ್ರಿಯಲ್ಲಿ ಇದೇ ಕಣಕ ನಸುಕಿಗೇ ಉಬ್ಬಿ ಕುಸಿದಿರುತ್ತದೆ.

ಕಣಕದ ಶಾಖ ಹಿಡಿತಕ್ಕೆ ಸಿಗುವುದು ನೀರಿನ ಮೂಲಕ. ಕೈಯಿಂದ ಕಲಸುವವರಿಗೆ ಲೆಕ್ಕ ಸುಲಭ. ಬೇಕಾದ ಶಾಖವನ್ನು ಮೂರರಿಂದ ಗುಣಿಸಿ, ಅದರಿಂದ ಕೋಣೆಯ ಶಾಖವನ್ನೂ ಹಿಟ್ಟಿನ ಶಾಖವನ್ನೂ ಕಳೆಯಿರಿ. ಉಳಿದದ್ದು ನೀರಿನ ಶಾಖ. 24 ಬೇಕು ಎಂದರೆ 72. ಕೋಣೆ 28, ಹಿಟ್ಟು 28 ಇದ್ದರೆ ನೀರು 16 ಡಿಗ್ರಿ ಇರಬೇಕು, ಅಂದರೆ ಫ್ರಿಜ್ಜಿನ ನೀರಿಗೆ ನಲ್ಲಿಯ ನೀರು ಬೆರೆಸಬೇಕು. ಚಳಿಯಲ್ಲಿ ಕೋಣೆ 18, ಹಿಟ್ಟು 18 ಆದರೆ ನೀರು 36, ಉಗುರುಬೆಚ್ಚಗೆ. ಈ ಒಂದು ಲೆಕ್ಕ ಕೈಗೆ ಬಂದ ಮೇಲೆ ಕಣಕ ಒಂದು ದಿನ ಒಂದು ಥರ, ಇನ್ನೊಂದು ದಿನ ಇನ್ನೊಂದು ಥರ ಆಗುವುದು ನಿಂತಿತು.

ಕೋಣೆ 30 ಡಿಗ್ರಿ ದಾಟಿದ ದಿನಗಳಲ್ಲಿ ನಾನು ಫ್ರಿಜ್ಜನ್ನೇ ನಂಬುತ್ತೇನೆ. ಯೀಸ್ಟನ್ನು ಒಂದೂವರೆ ಗ್ರಾಮಿಗೆ ಏರಿಸಿ, ಮಡಿಕೆಗಳೆರಡೂ ಮುಗಿದ ಮೇಲೆ ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ ಒಳಗಿಡುತ್ತೇನೆ. ಹನ್ನೆರಡು ಗಂಟೆಯಿಂದ ಎರಡು ದಿನದವರೆಗೆ ಯಾವಾಗ ಬೇಕಾದರೂ ತೆಗೆದು ಬೇಯಿಸಬಹುದು. ಪುರುಸೊತ್ತು ಇಲ್ಲದವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ರುಚಿಯಲ್ಲೂ ಇದು ಒಂದು ಕೈ ಮೇಲು. ತಂಪಿನಲ್ಲಿ ಯೀಸ್ಟ್ ನಿಧಾನವಾಗುತ್ತದೆ, ಆದರೆ ಹಿಟ್ಟಿನ ಅಮೈಲೇಸ್ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತಲೇ ಇರುತ್ತದೆ, ಸಾವಯವ ಆಮ್ಲಗಳೂ ಮೆಲ್ಲಗೆ ಕೂಡುತ್ತವೆ. ಎರಡನೆಯ ದಿನ ಬೇಯಿಸಿದ ಬ್ರೆಡ್ಡಿನ ಹೊರಪದರ ಕೆಂಪು ಕಲೆತ ಕಂದು ಬಣ್ಣಕ್ಕೆ ಬರುವುದನ್ನು ಒಮ್ಮೆ ನೋಡಿದರೆ ಅವಸರದ ಬ್ರೆಡ್ಡು ಮಾಡಲು ಮನಸ್ಸಾಗುವುದಿಲ್ಲ.

ಬೆಳಿಗ್ಗೆ ಏಳು: ಆಕಾರ

ಕಣಕ ಎರಡರಿಂದ ಎರಡೂವರೆ ಪಟ್ಟು ಆಗಿತ್ತು. ಗಡಿಯಾರಕ್ಕಿಂತ ಕಣಕವನ್ನು ನೋಡುವುದು ಮುಖ್ಯ. ಮೇಲ್ಭಾಗ ತುಸು ಉಬ್ಬಿ ನಿಂತಿರಬೇಕು, ಅಲ್ಲಲ್ಲಿ ಪೊರೆಯಂಥ ಗುಳ್ಳೆಗಳು ಕಾಣಬೇಕು, ಬೋಗುಣಿ ಅಲ್ಲಾಡಿಸಿದರೆ ಮೆತ್ತಗೆ ತುಳುಕಬೇಕು. ಮೂಸಿದರೆ ನವಿರಾದ ಹಣ್ಣಿನಂಥ ವಾಸನೆ. ನಡುಭಾಗ ಕುಸಿದು ಹೆಂಡದ ವಾಸನೆ ಹೊಡೆಯುತ್ತಿದ್ದರೆ ಹುದುಗು ಮೀರಿದೆ ಎಂದರ್ಥ. ಅದಕ್ಕೂ ದಾರಿಯಿದೆ, ಮುಂದೆ ಹೇಳುತ್ತೇನೆ.

ಮೇಜಿನ ಮೇಲೆ ಹಿಟ್ಟು ಉದುರಿಸಿ, ಕಣಕವನ್ನು ಬೋಗುಣಿಯಿಂದ ಸ್ಕ್ರೇಪರಿನಲ್ಲಿ ಬಿಡಿಸಿ ಮಗುಚಿ ಹಾಕಿದೆ. ತಳದಲ್ಲಿ ಗ್ಲುಟೆನ್ ಎಳೆಗಳು ಜೇಡರ ಬಲೆಯ ಹಾಗೆ ಎಳೆದು ನಿಂತಿದ್ದವು. ಎರಡು ನಿಮಿಷ ಕಲಸಿದ್ದಕ್ಕೆ ಇಂಥ ಹೆಣಿಗೆ ಬಂದಿರುವುದನ್ನು ಕಣ್ಣಾರೆ ಕಾಣುವ ಹೊತ್ತು ಇದು. ನಡುವೆ ಕತ್ತರಿಸಿ ಎರಡು ಪಾಲು ಮಾಡಿದೆ, ತಲಾ 430 ಗ್ರಾಂ. ಪ್ರತಿಯೊಂದನ್ನೂ ಅಂಚುಗಳಿಂದ ಒಳಕ್ಕೆ ಮಡಚಿ ಸಡಿಲವಾಗಿ ಉಂಡೆ ಮಾಡಿ ಇಪ್ಪತ್ತು ನಿಮಿಷ ಬಿಟ್ಟೆ. ಬಿಡದಿದ್ದರೆ ಎಳೆದಷ್ಟೂ ಹಿಂದಕ್ಕೆ ಕುಗ್ಗುತ್ತದೆ.

ಪ್ಯಾರಿಸ್ಸಿನ ಬಗೆಟ್, ಅಂದರೆ ಕೋಲಿನಂಥ ಸಪೂರ ಬ್ರೆಡ್ಡು, 55ರಿಂದ 65 ಸೆಂಟಿಮೀಟರ್ ಉದ್ದ, ಬೆಂದ ಮೇಲೆ 250 ಗ್ರಾಂ ತೂಗುತ್ತದೆ. ಮನೆಯ ಓವನ್ನಿನಲ್ಲಿ ಅಷ್ಟುದ್ದದ್ದು ಹಿಡಿಸುವುದಿಲ್ಲ. ನಾನು ಮಾಡುವುದು ಗಿಡ್ಡವಾಗಿ ನಡು ದಪ್ಪವಿರುವ ‘ಬಾತಾರ್’, ಸುಮಾರು 25 ಸೆಂಟಿಮೀಟರ್. ಹೊಸಬರಿಗೂ ಇದೇ ಸುಲಭ. ಉಂಡೆಯನ್ನು ಮಗುಚಿ, ಮೆಲ್ಲಗೆ ತಟ್ಟಿ ಅಂಗೈ ಅಗಲ ಮಾಡಿ, ಮೇಲಿನ ಅಂಚನ್ನು ನಡುವಿಗೆ ಮಡಚಿ ಒತ್ತಬೇಕು. ಕೆಳಗಿನ ಅಂಚನ್ನೂ ಹಾಗೆಯೇ. ಆಮೇಲೆ ಉದ್ದಕ್ಕೆ ಅರ್ಧ ಮಡಚಿ, ಸೇರುವ ಗೆರೆಯನ್ನು ಅಂಗೈ ಬುಡದಿಂದ ಒತ್ತಿ ಮುಚ್ಚಬೇಕು. ಮೇಲ್ಮೈ ಬಿಗಿಯಾಗಿ ಎಳೆದು ನಿಂತಿರಬೇಕು, ಒಳಗಿನ ಗಾಳಿ ಪೂರ್ತಿ ಹೋಗಿರಬಾರದು. ಎರಡೂ ಬೇಕೆಂದರೆ ಕೈ ಹಗುರವಿರಬೇಕು.

ಸೇರಿದ ಗೆರೆ ಕೆಳಗೆ ಬರುವಂತೆ ಬೇಕಿಂಗ್ ಪೇಪರಿನ ಮೇಲಿಟ್ಟು, ಬಟ್ಟೆ ಮುಚ್ಚಿ ಮುಕ್ಕಾಲು ಗಂಟೆ ಬಿಟ್ಟೆ. ಹಿಟ್ಟು ಹಚ್ಚಿದ ಬೆರಳಿಂದ ಒತ್ತಿದಾಗ ಕುಳಿ ಮೆಲ್ಲಗೆ ಅರ್ಧದಷ್ಟು ಮೇಲೆ ಬಂದರೆ ಹದ. ಥಟ್ಟನೆ ಪೂರ್ತಿ ಮೇಲೆ ಬಂದರೆ ಇನ್ನಷ್ಟು ಹೊತ್ತು ಬಿಡಿ. ಕುಳಿ ಹಾಗೇ ನಿಂತರೆ ಕೂಡಲೇ ಓವನ್ನಿಗೆ ಹಾಕಿ. ಪೇಪರ್ ಬಗ್ಗೆ ಎಚ್ಚರಿಕೆ: ಮೇಣ ಸವರಿದ ಕಾಗದ ಈ ಶಾಖಕ್ಕೆ ಹೊಗೆಯಾಡುತ್ತದೆ, ಓವನ್ನಿಗೆಂದೇ ಮಾಡಿದ ಕಾಗದ ಬೇಕು. ಎಷ್ಟು ಡಿಗ್ರಿವರೆಗೆ ತಡೆಯುತ್ತದೆ ಎಂದು ಪೊಟ್ಟಣದ ಮೇಲೆ ಇರುತ್ತದೆ. ಬ್ರೆಡ್ಡಿನಿಂದ ಹೊರಗೆ ಚಾಚಿದ ಕಾಗದವನ್ನು ಕತ್ತರಿಸಿಬಿಡಿ.

ಶಾಖ ಮತ್ತು ಹಬೆ

ಈ ಭಾಗವನ್ನು ನಿಧಾನವಾಗಿ ಓದಿ. ಕಣಕದಲ್ಲಿ ಹೆಚ್ಚುಕಡಿಮೆಯಾದರೆ ಬ್ರೆಡ್ಡು ಸಹಿಸಿಕೊಳ್ಳುತ್ತದೆ, ಓವನ್ನಿನಲ್ಲಾದರೆ ಸಹಿಸುವುದಿಲ್ಲ.

ಓವನ್ನನ್ನು 240 ಡಿಗ್ರಿಗಿಟ್ಟು ಮುಕ್ಕಾಲು ಗಂಟೆ ಕಾಯಿಸುತ್ತೇನೆ. ದೀಪ ಆರಿತು, ಕಾದಿದೆ ಎಂದು ಓವನ್ ಹೇಳುವುದು ಒಳಗಿನ ಗಾಳಿಯ ಮಾತು. ಬ್ರೆಡ್ಡು ಕೂರುವ ಲೋಹ ಅಷ್ಟರಲ್ಲಿ ಕಾದಿರುವುದಿಲ್ಲ. ತಳದಿಂದ ಶಾಖ ಒಮ್ಮೆಲೇ ನುಗ್ಗಿದರೆ ಮಾತ್ರ ಕಣಕ ಮೇಲಕ್ಕೆ ಜಿಗಿಯುತ್ತದೆ, ಇಲ್ಲದಿದ್ದರೆ ಅಗಲಕ್ಕೆ ಹರಡುತ್ತದೆ.

ಒಂದೇ ಕಣಕದ ಎರಡು ಪಾಲನ್ನು ಎರಡು ರೀತಿ ಬೇಯಿಸಿ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಒಂದನ್ನು ಕಾದ ತಟ್ಟೆಯ ಮೇಲೆ ಹಬೆಯಿಲ್ಲದೆ, ಇನ್ನೊಂದನ್ನು ಎರಕದ ಕಬ್ಬಿಣದ ದಪ್ಪ ಪಾತ್ರೆಯಲ್ಲಿ ಮುಚ್ಚಳ ಹಾಕಿ. ಹಬೆಯಿಲ್ಲದ್ದು ಐದೇ ನಿಮಿಷಕ್ಕೆ ಮೇಲೆ ಒಣಗಿ ಬಿಳಿಚಿಕೊಂಡು ಗಟ್ಟಿಯಾಯಿತು. ಹಾಕಿದ ಗೀರು ಬಾಯಿ ಬಿಡಲಿಲ್ಲ. ಒಳಗಿನ ಒತ್ತಡಕ್ಕೆ ಬುಡದ ಬದಿಯಲ್ಲಿ ಒಡೆದು ತಿರುಳು ಹೊರಬಂತು. ಬಣ್ಣ ಮಂಕು, ಹೊರಪದರ ದಪ್ಪ. ಪಾತ್ರೆಯ ಮುಚ್ಚಳ ತೆಗೆದಾಗ ಇನ್ನೊಂದು ಎತ್ತರಕ್ಕೆ ಬೆಳೆದು, ಗೀರು ಅಗಲವಾಗಿ ತೆರೆದು, ಮೈಯೆಲ್ಲ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಹಿಟ್ಟು, ನೀರು, ಹುದುಗು ಎಲ್ಲವೂ ಒಂದೇ ಆಗಿದ್ದ ಎರಡು ತುಂಡುಗಳ ನಡುವೆ ಇಷ್ಟು ಅಂತರ.

ಕಾರಣ ಹೀಗಿದೆ. ತಣ್ಣಗಿರುವ ಕಣಕಕ್ಕೆ ಬಿಸಿ ಹಬೆ ತಾಗಿದಾಗ ಅದು ನೀರಾಗಿ ಮೈಮೇಲೆ ಕೂರುತ್ತದೆ, ಆಗ ತನ್ನೊಳಗಿನ ಶಾಖವನ್ನೆಲ್ಲ ಕಣಕಕ್ಕೆ ಬಿಟ್ಟುಕೊಡುತ್ತದೆ. ಬರೀ ಬಿಸಿಗಾಳಿಗಿಂತ ಬಹಳ ಬೇಗ ಶಾಖ ಒಳಹೋಗುತ್ತದೆ. ಜೊತೆಗೆ ಮೇಲ್ಮೈ ಒದ್ದೆಯಾಗಿ ಮೆತ್ತಗೇ ಉಳಿಯುವುದರಿಂದ ಹಿಗ್ಗಲು ಅಡ್ಡಿಯಿಲ್ಲ. ಮೇಲಿನ ಪಿಷ್ಟ ಆ ನೀರಿನಲ್ಲಿ ಬೆಂದು ಗಂಜಿಯ ತೆಳು ಪೊರೆಯಾಗುತ್ತದೆ. ಆಮೇಲೆ ಒಣಗಿದಾಗ ಹೊಳಪಿಗೂ ಗರಿಗರಿಗೂ ಆ ಪೊರೆಯೇ ಮೂಲ. ಒಳಗೆ ಯೀಸ್ಟ್ 55ರಿಂದ 60 ಡಿಗ್ರಿಯಲ್ಲಿ ಸಾಯುವವರೆಗೆ ಗಾಳಿ ಬಿಡುತ್ತದೆ, ಇದ್ದ ಗಾಳಿ ಬಿಸಿಗೆ ಹಿಗ್ಗುತ್ತದೆ. ಬೆಳೆಯಲು ಇರುವ ಅವಕಾಶ ಮೊದಲ ಹತ್ತು ಹನ್ನೆರಡು ನಿಮಿಷ ಮಾತ್ರ. ಆ ಹೊತ್ತಿನಲ್ಲಿ ಹಬೆ ಇರಬೇಕು, ಅದು ಮುಗಿದ ಮೇಲೆ ಹಬೆ ಹೊರಹೋಗಲೇಬೇಕು. ಇಲ್ಲದಿದ್ದರೆ ಹೊರಪದರ ರಬ್ಬರಿನಂತಾಗುತ್ತದೆ. ಪ್ಯಾರಿಸ್ಸಿಗೆ ಹಬೆಯ ಓವನ್ ತಂದ ಹೆಸರು ಇರುವುದು 1830ರ ದಶಕದ ಕೊನೆಗೆ ಅಲ್ಲಿ ವಿಯೆನ್ನಾ ಶೈಲಿಯ ಬೇಕರಿ ತೆರೆದ ಆಗಸ್ಟ್ ಜಾಂಗ್‌ಗೆ. ಇಂದು ಫ್ರೆಂಚ್ ಬ್ರೆಡ್ಡಿನ ಗುರುತೇ ಆಗಿರುವ ಆ ಹೊರಪದರಕ್ಕೆ ಹಬೆಯೇ ಆಧಾರ.

ಮನೆಯಲ್ಲಿ ಹಬೆ ಹಿಡಿಯಲು ಮುಚ್ಚಿದ ಪಾತ್ರೆಯಷ್ಟು ಸುಲಭದ ಉಪಾಯ ನನಗೆ ಕಂಡಿಲ್ಲ. ಕಣಕದಿಂದಲೇ ಹೊರಡುವ ನೀರಿನಾವಿ ಒಳಗೆ ಸೆರೆಯಾಗುತ್ತದೆ, ಬೇರೆ ನೀರು ಬೇಡ. ದಪ್ಪ ತಳ, ಬಿಗಿಯಾದ ಮುಚ್ಚಳ, ಪ್ಲಾಸ್ಟಿಕ್ ಹಿಡಿ ಇಲ್ಲದಿರುವುದು, ಈ ಮೂರಿದ್ದರೆ ಸಾಕು. ಪಾತ್ರೆಯನ್ನೂ ಓವನ್ ಜೊತೆಗೇ ಕಾಯಿಸಿ, ಕಾಗದದ ಎರಡು ಬದಿ ಹಿಡಿದು ಕಣಕವನ್ನು ಒಳಕ್ಕಿಳಿಸಿ ಮುಚ್ಚಳ ಹಾಕುತ್ತೇನೆ.

ಪಾತ್ರೆಯಲ್ಲಿ ಹಿಡಿಸದ ಉದ್ದನೆಯ ಬ್ರೆಡ್ಡಾದರೆ ಹಳೆಯ ಕಬ್ಬಿಣದ ಬಾಣಲೆಯೊಂದನ್ನು ಕೆಳಗಿನ ಅಂತಸ್ತಿನಲ್ಲಿಟ್ಟು ಕಾಯಿಸಿ, ಬ್ರೆಡ್ಡು ಒಳಗಿಟ್ಟ ಕೂಡಲೇ ಅದಕ್ಕೆ ಒಂದು ಲೋಟ ಕುದಿಯುವ ನೀರು ಸುರಿದು ಬಾಗಿಲು ಮುಚ್ಚಬೇಕು. ಮೊಣಕೈವರೆಗಿನ ಕೈಗವಸು ಹಾಕಿಕೊಳ್ಳಿ, ಮುಖ ದೂರವಿರಲಿ. ತೆರೆದ ಬಾಗಿಲಿನ ಗಾಜಿನ ಮೇಲೆ ಒಣ ಟವೆಲ್ ಹಾಸಿರಿ, ಕಾದ ಗಾಜಿಗೆ ಒಂದು ಹನಿ ನೀರು ಬಿದ್ದರೂ ಸೀಳಬಹುದು. ನೀರು ಸುರಿಯುವ ತಟ್ಟೆ ಗಾಜಿನದ್ದಂತೂ ಆಗಿರಲೇಬಾರದು. ಫ್ಯಾನ್ ಇರುವ ಓವನ್ ಆದರೆ ಮೊದಲ ಹತ್ತು ನಿಮಿಷ ಫ್ಯಾನ್ ನಿಲ್ಲಿಸಿ, ಅದು ಹಬೆಯನ್ನು ಹೊರಗೆ ತಳ್ಳುತ್ತದೆ.

ಗೀರು ಹಾಕುವುದು ಓವನ್ನಿಗೆ ಹಾಕುವ ಮುಂಚಿನ ಕೊನೆಯ ಕ್ಷಣದಲ್ಲಿ. ಹೊಸ ಬ್ಲೇಡನ್ನು ನೆಟ್ಟಗೆ ಇಳಿಸದೆ, ಹೆಚ್ಚುಕಡಿಮೆ ಮಲಗಿಸಿ ಹಿಡಿದು, ಅರ್ಧ ಸೆಂಟಿಮೀಟರ್ ಆಳಕ್ಕೆ, ತಡವರಿಸದೆ ಒಂದೇ ಎಳೆತ. ಬ್ಲೇಡು ಮಲಗಿದ್ದರೆ ತೆಳುವಾದ ಪದರವೊಂದು ಏಳುತ್ತದೆ, ಬೇಯುವಾಗ ಅದು ಎದ್ದು ನಿಂತು ಕರಿದಂತಾಗುವ ಅಂಚೇ ಬ್ರೆಡ್ಡಿನ ಅತಿ ರುಚಿಯ ಭಾಗ.

ಮುಚ್ಚಳ ಹಾಕಿ 20 ನಿಮಿಷ, ತೆಗೆದು 225 ಡಿಗ್ರಿಯಲ್ಲಿ 15ರಿಂದ 20 ನಿಮಿಷ. ಬಾಣಲೆಯ ಕ್ರಮವಾದರೆ 12 ನಿಮಿಷಕ್ಕೆ ನೀರಿನ ಬಾಣಲೆ ತೆಗೆದು, ಇನ್ನೊಂದು 15 ನಿಮಿಷ. ಬಣ್ಣ ಹೊಂಬಣ್ಣಕ್ಕೆ ಬಂದ ಕೂಡಲೇ ತೆಗೆಯುವ ಆಸೆಯನ್ನು ತಡೆದುಕೊಳ್ಳಿ. ಸಕ್ಕರೆ ಮತ್ತು ಪ್ರೋಟೀನ್ ಸೇರಿ ಬಣ್ಣ, ಪರಿಮಳ ಹುಟ್ಟುವ ಮೇಯಾರ್ ಕ್ರಿಯೆ (1912ರಲ್ಲಿ ಇದನ್ನು ವಿವರಿಸಿದ ಲೂಯಿ ಕಮೀಲ್ ಮೇಯಾರ್ ಕೂಡ ಫ್ರಾನ್ಸಿನವರೇ) ಚುರುಕಾಗುವುದು ಮೇಲ್ಮೈ 140 ಡಿಗ್ರಿ ದಾಟಿದ ಮೇಲೆ. ಗಾಢ ಕಂದು ಬರುವವರೆಗೆ ಬಿಟ್ಟ ಬ್ರೆಡ್ಡಿಗೂ ಹೊಂಬಣ್ಣಕ್ಕೇ ತೆಗೆದದ್ದಕ್ಕೂ ಪರಿಮಳದಲ್ಲಿ ಹೋಲಿಕೆಯೇ ಇಲ್ಲ. ಥರ್ಮಾಮೀಟರ್ ಇದ್ದರೆ ನಡುವಿಗೆ ಚುಚ್ಚಿದಾಗ 96 ಡಿಗ್ರಿ ಮೇಲೆ ತೋರಿಸಬೇಕು. ಇಲ್ಲದಿದ್ದರೆ ಮಗುಚಿ ತಳವನ್ನು ಬೆರಳಿನ ಗೆಣ್ಣಿನಿಂದ ತಟ್ಟಿ, ಟೊಳ್ಳು ಸದ್ದು ಬರಬೇಕು. 430 ಗ್ರಾಂ ಕಣಕ ಬೆಂದ ಮೇಲೆ ಸುಮಾರು 370 ಗ್ರಾಂ ತೂಗಿತು. ಹೋದದ್ದು ನೀರು. ತೂಕ ಇಷ್ಟು ಇಳಿಯದಿದ್ದರೆ ಹೊರಪದರ ಹೊತ್ತು ಹೋದಂತೆ ಮೆತ್ತಗಾಗುತ್ತದೆ.

ತೆಗೆದ ಬ್ರೆಡ್ಡನ್ನು ತಂತಿ ಜಾಲರಿಯ ಮೇಲಿಟ್ಟರೆ ಒಂದೆರಡು ನಿಮಿಷದಲ್ಲಿ ಚಿಟಚಿಟ ಸದ್ದು ಶುರುವಾಗುತ್ತದೆ. ಹೊರಪದರ ತಣಿದು ಕುಗ್ಗುತ್ತ ಸಣ್ಣಗೆ ಬಿರುಕು ಬಿಡುವ ಸದ್ದು ಅದು. ಕಿವಿ ಹತ್ತಿರ ತಂದರೆ ಚೆನ್ನಾಗಿ ಕೇಳುತ್ತದೆ. ಒಂದು ಗಂಟೆಯಾದರೂ ಕೊಯ್ಯಬೇಡಿ. ಒಳಗಿನ ಪಿಷ್ಟ ಇನ್ನೂ ಗಟ್ಟಿಯಾಗುತ್ತಿರುತ್ತದೆ, ಬಿಸಿಯಲ್ಲಿ ಕೊಯ್ದರೆ ತಿರುಳು ಚಾಕುವಿಗೆ ಮೆತ್ತಿಕೊಂಡು ಮುದ್ದೆಯಾಗುತ್ತದೆ.

ಕೊಯ್ದು ನೋಡಿ ತಿದ್ದಿಕೊಂಡದ್ದು

ತೂತುಗಳು ಸಣ್ಣವು, ತಿರುಳು ಒತ್ತು ಎನ್ನಿಸಿದಾಗ ನಾನು ಬದಲಿಸಿದ್ದು ನೀರು. 350ರಿಂದ 365, ಆಮೇಲೆ 375. ಕಣಕದ ಜೊತೆ ಕೈ ಪಳಗಿದ ಹಾಗೆಲ್ಲ ಏರಿಸಿದರೆ ಒಳಗು ಬಿಚ್ಚಿಕೊಳ್ಳುತ್ತದೆ. 375 ದಾಟಿದರೆ ಬಾತಾರ್ ಆಕಾರ ನಿಲ್ಲುವುದು ಕಷ್ಟ, ಪಾತ್ರೆಯ ಆಸರೆಯಲ್ಲೇ ಮಾಡಬೇಕು. ನನಗೆ 365 ಹಿತ. ಅದಕ್ಕಿಂತ ದೊಡ್ಡ ತೂತುಗಳ ಬೆನ್ನು ಹತ್ತುವುದರಲ್ಲಿ ನನಗೆ ಆಸಕ್ತಿಯಿಲ್ಲ, ಹಚ್ಚಿದ ಬೆಣ್ಣೆ ತಟ್ಟೆಗೆ ಸೋರುತ್ತದೆ.

ತಳ ಕರ್ರಗಾಗುತ್ತಿದ್ದರೆ ಪಾತ್ರೆಯ ಕೆಳಗಿನ ಅಂತಸ್ತಿನಲ್ಲಿ ಒಂದು ಖಾಲಿ ತಟ್ಟೆ ಇಡಿ, ನೇರ ಉರಿ ತಪ್ಪುತ್ತದೆ. ತಳ ಬಿಳಿಚಿಕೊಂಡಿದ್ದರೆ ಕೊನೆಯ ಐದು ನಿಮಿಷ ಪಾತ್ರೆಯಿಂದ ತೆಗೆದು ಬರೀ ಜಾಲರಿಯ ಮೇಲೆ ಬೇಯಿಸಿ. ಹೊರಪದರ ತಣಿದ ಮೇಲೆ ಮೆತ್ತಗಾದರೆ ಇನ್ನೈದು ನಿಮಿಷ ಬೇಯಿಸಿ, ಆಮೇಲೆ ಓವನ್ ಆರಿಸಿ ಬಾಗಿಲು ತುಸು ತೆರೆದು ಹತ್ತು ನಿಮಿಷ ಒಳಗೇ ಬಿಡಿ.

ಹುದುಗು ಮೀರಿ ಕುಸಿದ ಕಣಕವನ್ನು ಚೆಲ್ಲಬೇಡಿ. ಅದರಲ್ಲಿ ಸಕ್ಕರೆ ತೀರಿಹೋಗಿರುತ್ತದೆ, ಹಾಗೇ ಬೇಯಿಸಿದರೆ ಚಪ್ಪಟೆಯಾಗಿ ಬಣ್ಣವಿಲ್ಲದೆ ಬರುತ್ತದೆ. ಎಣ್ಣೆ ಸವರಿದ ತಟ್ಟೆಗೆ ಸುರಿದು, ಬೆರಳಿನಿಂದ ಒತ್ತಿ ಹರಡಿ, ಮೇಲೆ ಆಲಿವ್ ಎಣ್ಣೆ ಮತ್ತು ಉಪ್ಪು ಹಾಕಿ 220 ಡಿಗ್ರಿಯಲ್ಲಿ ಬೇಯಿಸಿದರೆ ಚಪ್ಪಟೆ ಬ್ರೆಡ್ಡು ಬಲು ಚೆನ್ನಾಗಿ ಆಗುತ್ತದೆ. ಎಣ್ಣೆಯಿಂದಾಗಿ ಬಣ್ಣವೂ ಬರುತ್ತದೆ.

ಉಪ್ಪನ್ನು ಕಡಿಮೆ ಮಾಡಿಯೂ ನೋಡಿದೆ. 7 ಗ್ರಾಮಿಗೆ ಇಳಿಸಿದರೆ ಕಣಕ ಜೋರಾಗಿ ಉಬ್ಬುತ್ತದೆ, ಸಡಿಲವಾಗುತ್ತದೆ, ಬ್ರೆಡ್ಡು ಸಪ್ಪೆ. ಉಪ್ಪು ಯೀಸ್ಟಿನ ವೇಗವನ್ನು ಹಿಡಿದು ಗ್ಲುಟೆನನ್ನು ಬಿಗಿ ಮಾಡುವ ಕೆಲಸವನ್ನೂ ಮಾಡುತ್ತದೆ. 9ಕ್ಕಿಂತ ಕೆಳಗೆ ನಾನು ಹೋಗುವುದಿಲ್ಲ.

ಇಡುವುದು

ಈ ಬ್ರೆಡ್ಡಿನಲ್ಲಿ ಎಣ್ಣೆ, ಸಕ್ಕರೆ ಇಲ್ಲವಾದ್ದರಿಂದ ಮಾಡಿದ ದಿನವೇ ಅದರ ಸೊಗಸು. ಮರುದಿನಕ್ಕೆ ಬಟ್ಟೆಯಲ್ಲಿ ಸುತ್ತಿ ಹೊರಗಿಡಿ. ಫ್ರಿಜ್ಜಿನಲ್ಲಿ ಬೇಡ, ಆ ತಂಪಿನಲ್ಲೇ ಪಿಷ್ಟ ಅತಿ ಬೇಗ ಬಿರುಸಾಗುತ್ತದೆ. ಉಳಿಯುತ್ತದೆ ಅನ್ನಿಸಿದ್ದನ್ನು ತಣಿದ ಕೂಡಲೇ ಹೋಳು ಮಾಡಿ ಫ್ರೀಜರಿಗೆ ಹಾಕಿದರೆ ವಾರಗಟ್ಟಲೆ ಚೆನ್ನಾಗಿರುತ್ತದೆ. ಬಿರುಸಾದ ಇಡೀ ಬ್ರೆಡ್ಡಿಗೆ ಕೈಯಿಂದ ನೀರು ಚಿಮುಕಿಸಿ 180 ಡಿಗ್ರಿಯಲ್ಲಿ ಏಳೆಂಟು ನಿಮಿಷ ಕಾಯಿಸಿ. ತಿರುಳು ಮೆತ್ತಗಾಗಿ ಹೊರಪದರ ಮತ್ತೆ ಗರಿಗರಿಯಾಗುತ್ತದೆ, ಆದರೆ ಕೂಡಲೇ ತಿನ್ನಬೇಕು.

ಈಗ ನಾನು ಬೆಳಿಗ್ಗೆ ಆಕಾರ ಮಾಡುವ ಮೊದಲು ಕಣಕದಲ್ಲಿ 100 ಗ್ರಾಂ ಕಿತ್ತು ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡುತ್ತೇನೆ. ಫ್ರಾನ್ಸಿನ ಬೇಕರಿಗಳಲ್ಲಿ ರೂಢಿಯಲ್ಲಿರುವ ಹಳೆ ಕಣಕದ ಕ್ರಮ ಇದು, ಮುಂದಿನ ಬ್ರೆಡ್ಡಿಗೆ ರುಚಿಯ ಆಳ ಕೊಡುತ್ತದೆ. ಎರಡು ಮೂರು ದಿನದೊಳಗೆ ಬಳಸಬೇಕು. ಆ 100 ಗ್ರಾಮಿನಲ್ಲಿ ಹಿಟ್ಟು 58, ನೀರು 41, ಉಪ್ಪು ಒಂದು ಗ್ರಾಮಿನಷ್ಟು ಇರುತ್ತದೆ. ಆದ್ದರಿಂದ ಮುಂದಿನ ಸಲ ಹೊಸ ಹಿಟ್ಟು 440, ನೀರು 310, ಉಪ್ಪು 9 ಗ್ರಾಂ ತೆಗೆದುಕೊಂಡು, ಹಳೆಯ ಕಣಕವನ್ನು ಆ ನೀರಿನಲ್ಲೇ ಕಿವುಚಿ ಕರಗಿಸಿ ಕಲಸಿ. ಯೀಸ್ಟನ್ನು ಮುಕ್ಕಾಲು ಗ್ರಾಮಿಗೆ ಇಳಿಸಿ, ಉಳಿದದ್ದೆಲ್ಲ ಹಾಗೆಯೇ.